ಮೆಕ್ಯೂವನಿಸಂ

ಆಮದು ಸುಂಕ ಹಾಕಿ ಕಾರ್ಖಾನೆಗಳನ್ನು ಕಾಯಬೇಕು, ಸಹಾಯಧನ ಮತ್ತು ಖಾತರಿ ಬೆಲೆ ಕೊಟ್ಟು ರೈತರನ್ನೂ ಕಾಯಬೇಕು. ಆಸ್ಟ್ರೇಲಿಯಾದಲ್ಲಿ 1950 ಮತ್ತು 60ರ ದಶಕಗಳನ್ನು ಆಳಿದ ಈ ಆರ್ಥಿಕ ನೀತಿಗೆ ಮೆಕ್ಯೂವನಿಸಂ ಎಂದು ಹೆಸರು. ಅದು ಬಂದದ್ದು ಗ್ರಾಮೀಣರ ಪಕ್ಷವಾದ ಕಂಟ್ರಿ ಪಾರ್ಟಿಯ ನಾಯಕ ಜಾನ್ ಮೆಕ್ಯೂವನ್ ಅವರಿಂದ.

ಅವರ ಬದುಕು ಗೊತ್ತಿಲ್ಲದೆ ಈ ನೀತಿ ಅರ್ಥವಾಗುವುದು ಕಷ್ಟ. 1900ರಲ್ಲಿ ವಿಕ್ಟೋರಿಯಾದ ಚಿಲ್ಟರ್ನ್‌ನಲ್ಲಿ ಹುಟ್ಟಿದ ಮೆಕ್ಯೂವನ್ ಏಳನೆಯ ವಯಸ್ಸಿಗೇ ತಬ್ಬಲಿಯಾಗಿ ಅಜ್ಜಿಯ ಆಸರೆಯಲ್ಲಿ ಬೆಳೆದರು, 13ಕ್ಕೆ ಶಾಲೆ ಬಿಟ್ಟರು. 1918ರಲ್ಲಿ ಸೇನೆಗೆ ಸೇರಿದರೂ ಹಡಗು ಹತ್ತುವ ಮೊದಲೇ ಯುದ್ಧ ಮುಗಿಯಿತು. ಮಾಜಿ ಸೈನಿಕರಿಗಾಗಿ ಇದ್ದ ಭೂ ಯೋಜನೆಯಲ್ಲಿ ಸ್ಟ್ಯಾನ್‌ಹೋಪ್ ಬಳಿ 86 ಎಕರೆ ಸಿಕ್ಕಿತು. ಹೈನುಗಾರಿಕೆಗೆ ಬಂಡವಾಳ ಸಾಲದಾದಾಗ ಮೆಲ್ಬರ್ನ್ ಬಂದರಿಗೆ ಹೋಗಿ ಹಮಾಲಿ ಮಾಡಿದರು. ಅದೇ ಯೋಜನೆಯ ಎಷ್ಟೋ ರೈತರು ಸಾಲದಲ್ಲಿ ಮುಳುಗಿ ಜಮೀನು ಬಿಟ್ಟು ಹೋದರು, ಮೆಕ್ಯೂವನ್ ಉಳಿದುಕೊಂಡರು. ಪೇಟೆಯ ಬೆಲೆಯನ್ನೇ ನಂಬಿ ರೈತ ಬದುಕಲಾರ ಎಂಬ ಅವರ ಹಟದ ಹಿಂದೆ ಈ ಅನುಭವವಿದೆ.

1934ರಲ್ಲಿ ಫೆಡರಲ್ ಸಂಸತ್ತಿಗೆ ಆಯ್ಕೆಯಾದರು. 1949ರಿಂದ 1971ರವರೆಗೆ ಕೃಷಿ, ವ್ಯಾಪಾರ, ಕೈಗಾರಿಕೆ ಖಾತೆಗಳು ಅವರ ಕೈಯಲ್ಲಿದ್ದವು.

ಗೋಧಿ, ಉಣ್ಣೆ ರಫ್ತು ಮಾಡುವ ರೈತನಿಗೆ ಸುಂಕದಿಂದ ನಷ್ಟವೇ, ಏಕೆಂದರೆ ಯಂತ್ರಗಳ ಬೆಲೆ ಏರುತ್ತದೆ. ಹಾಗಿದ್ದರೂ ರೈತರ ನಾಯಕ ಸುಂಕದ ಪರ ನಿಂತದ್ದೇಕೆ? ವಲಸೆ ಬಂದವರಿಗೆ ಕೆಲಸ ಕೊಡುವುದು ಕಾರ್ಖಾನೆಗಳೇ ಎಂಬುದು ಅವರ ವಾದ. ಊರಿಗೂ ನಗರಕ್ಕೂ ಒಂದೇ ನ್ಯಾಯ ಎಂಬ ಆ ನಿಲುವು ಪ್ರಾಮಾಣಿಕವಾಗಿತ್ತು ಎಂದೇ ನನ್ನ ನಂಬಿಕೆ, ಆದರೆ ಅದರ ವೆಚ್ಚ ಕೊನೆಗೆ ಗ್ರಾಹಕನ ತಲೆಗೇ ಬಿತ್ತು.

ಸುಂಕದ ಗೋಡೆ ಕಟ್ಟಿದ ಇದೇ ಮನುಷ್ಯ 1957ರ ಜುಲೈನಲ್ಲಿ ಹಕೋನೆಯಲ್ಲಿ ಜಪಾನ್ ಜೊತೆ ವಾಣಿಜ್ಯ ಒಪ್ಪಂದಕ್ಕೆ ಸಹಿ ಹಾಕಿದರು. ಎರಡನೆಯ ಮಹಾಯುದ್ಧ ಮುಗಿದು ಆಗಿನ್ನೂ ಹನ್ನೆರಡು ವರ್ಷ. ಆಸ್ಟ್ರೇಲಿಯಾದ ಸೈನಿಕರು ನರಳಿದ ಜಪಾನಿ ಸೆರೆ ಶಿಬಿರಗಳ ನೆನಪು ಮಾಸಿರಲಿಲ್ಲ. ಅವರ ಅತ್ಯಂತ ದಿಟ್ಟ ಕೆಲಸ ಇದೇ. ದಶಕ ಕಳೆಯುವಷ್ಟರಲ್ಲಿ ಜಪಾನ್ ಬ್ರಿಟನ್ನನ್ನು ಹಿಂದಿಕ್ಕಿ ಆಸ್ಟ್ರೇಲಿಯಾದ ಅತಿ ದೊಡ್ಡ ರಫ್ತು ಮಾರುಕಟ್ಟೆಯಾಯಿತು.

1967ರ ಡಿಸೆಂಬರ್‌ನಲ್ಲಿ ಪ್ರಧಾನಿ ಹೆರಾಲ್ಡ್ ಹೋಲ್ಟ್ ಸಮುದ್ರದಲ್ಲಿ ಕಣ್ಮರೆಯಾದಾಗ ಮೆಕ್ಯೂವನ್ ಮೂರು ವಾರ ಪ್ರಧಾನಿಯಾದರು. ಸುಂಕ ನೀತಿಯನ್ನು ವಿರೋಧಿಸುತ್ತಿದ್ದ, ಮಿತ್ರಪಕ್ಷ ಲಿಬರಲ್ ಪಾರ್ಟಿಯ ಹಣಕಾಸು ಸಚಿವ ವಿಲಿಯಂ ಮೆಕ್‌ಮಹನ್ ಪ್ರಧಾನಿಯಾದರೆ ತಮ್ಮ ಪಕ್ಷ ಸರ್ಕಾರದಲ್ಲಿ ಇರುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಹುದ್ದೆ ಅದೇ ಲಿಬರಲ್ ಪಾರ್ಟಿಯ ಜಾನ್ ಗಾರ್ಟನ್ ಪಾಲಾಯಿತು. ಮೆಕ್ಯೂವನ್ ನಿವೃತ್ತರಾದದ್ದು 1971ರಲ್ಲಿ. 1973ರಲ್ಲಿ ಲೇಬರ್ ಪಕ್ಷದ ಪ್ರಧಾನಿ ವಿಟ್ಲಂ ಅವರ ಸರ್ಕಾರ ಆಮದು ಸುಂಕಗಳನ್ನೆಲ್ಲ ಒಂದೇ ಏಟಿಗೆ ಶೇ. 25ರಷ್ಟು ಇಳಿಸಿತು.