ಶೆಟ್ಟಿಹಳ್ಳಿಯಲ್ಲಿ ಮುಳುಗುವುದು ಚರ್ಚಲ್ಲ, ಏರುವುದು ನೀರು

ಹಾಸನದ ಹತ್ತಿರ ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಬಗ್ಗೆ ಯಾವ ವಿಡಿಯೊ ನೋಡಿದರೂ ಒಂದೇ ಮಾತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ಬರುತ್ತದೆ. ಹಿನ್ನೆಲೆಯಲ್ಲಿ ಹೆದರಿಸುವ ಸಂಗೀತ ಬೇರೆ. ಕೆಲವರು ಅದಕ್ಕೆ ಒಂದು ದೆವ್ವವನ್ನೂ ಸೇರಿಸಿಬಿಡುತ್ತಾರೆ. ಚರ್ಚು ಎಲ್ಲಿಗೂ ಹೋಗುತ್ತಿಲ್ಲ, ಎಲ್ಲಿಂದಲೂ ಬರುತ್ತಿಲ್ಲ. ಕಟ್ಟಿದ ಜಾಗದಲ್ಲೇ ನಿಂತಿದೆ. ಓಡಾಡುತ್ತಿರುವುದು ನೀರಿನ ಅಂಚು. ಆ ಅಂಚಿನ ಓಡಾಟವೇ ದೆವ್ವಕ್ಕಿಂತ ಎಷ್ಟೋ ಸ್ವಾರಸ್ಯದ್ದು. ಚರ್ಚಿನ ಗೋಡೆ ಬೀಳುವುದೂ, ದಡದ ಹಕ್ಕಿಯ ಮೊಟ್ಟೆ ಒಡೆದು ಮರಿ ಬರುವುದೂ ಅದರ ಮೇಲೇ ನಿಂತಿದೆ.

ಹಾಸನದವರಿಗೆ ಸಮುದ್ರ ಬೇಕೆಂದರೆ ಶಿರಾಡಿ ಘಾಟಿ ಇಳಿಯಬೇಕು. ದಡ ಸಾಕು ಅನ್ನುವವರಿಗೆ ಊರಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಹೇಮಾವತಿಯ ಹಿನ್ನೀರಿದೆ. ಮಂಗಳೂರಿನ ಕಡಲು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಚಂದ್ರನ ಸೆಳೆತಕ್ಕೆ. ಇಲ್ಲಿ ಚಂದ್ರನಿಗೆ ಕೆಲಸವಿಲ್ಲ. ಹೇಮಾವತಿ ಹುಟ್ಟುವ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಕಡೆ ಮಳೆ ಹಿಡಿದರೆ ನೀರು ಏರುತ್ತದೆ. ನಾಲೆಗೆ ಬಿಟ್ಟರೆ ಇಳಿಯುತ್ತದೆ. ಹೆಚ್ಚುಕಡಿಮೆ ವರ್ಷಕ್ಕೊಂದೇ ಉಬ್ಬರ, ಒಂದೇ ಇಳಿತ. ಈ ಹಿನ್ನೀರನ್ನು ನಿಲ್ಲಿಸಿರುವ ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2922 ಅಡಿ, ಹಿಡಿಯುವುದು ಸುಮಾರು 37 ಟಿಎಂಸಿ. ಮೇ ಕೊನೆಗೆ ಹೋದರೆ ಅದೇ ದಡ ಎಷ್ಟೋ ಕೆಳಗೆ ಸರಿದಿರುತ್ತದೆ. ನಡೆಯಲು ಒಳ್ಳೆಯ ಕಾಲ ಅದೇ. ಬೆಳಗ್ಗೆ ಬೇಗ ಹೊರಟರೆ ಇನ್ನೂ ಒಳ್ಳೆಯದು.

ಮೊದಲು ಇತಿಹಾಸದ ಒಂದು ತಕರಾರು ಮುಗಿಸಿಬಿಡೋಣ. ಈ ಚರ್ಚನ್ನು ಕಟ್ಟಿಸಿದ್ದು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅಂತ ಬರೆದವರು ಬಹಳ ಜನ. ಕಟ್ಟಿದ್ದು 1860ರ ದಶಕದಲ್ಲಿ ಅಂತಲೂ ಅವರೇ ಬರೆಯುತ್ತಾರೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ದುಬುವಾ 1823ರಲ್ಲೇ ಫ್ರಾನ್ಸಿಗೆ ವಾಪಸಾದರು, 1848ರಲ್ಲಿ ತೀರಿಕೊಂಡರು. ನಿಜಕ್ಕೂ ಅವರನ್ನು ನೆನೆಯಬೇಕಾದ ಕಾರಣ ಬೇರೆಯೇ ಇದೆ. ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಕಡೆ ಬಂದ ಈ ಪಾದ್ರಿಯನ್ನು ಜನ ದೊಡ್ಡಸ್ವಾಮಿ ಅನ್ನುತ್ತಿದ್ದರು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸುವ ಕೆಲಸದಲ್ಲಿ ಅವರು ದುಡಿದರು. ಆಗ ಐಸ್ ಇಲ್ಲ, ಫ್ರಿಜ್ಜಿಲ್ಲ. ಲಸಿಕೆಯನ್ನು ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತಾ ಊರೂರಿಗೆ ಒಯ್ಯಬೇಕಿತ್ತು. ಒಂದು ಕೊಂಡಿ ತಪ್ಪಿದರೆ ಮುಗೀತು. ಜನರನ್ನು ಒಪ್ಪಿಸುವುದು ಇನ್ನೂ ಕಷ್ಟದ ಕೆಲಸ. ಅಂಥವರಿಗೆ ಕಟ್ಟದೇ ಇದ್ದ ಚರ್ಚಿನ ಹೆಸರು ಅಂಟಿಸುವ ಅಗತ್ಯವೇನೂ ಇಲ್ಲ, ಅಲ್ವಾ? ಶೆಟ್ಟಿಹಳ್ಳಿಯ ಚರ್ಚು ಅವರ ನಂತರ ಬಂದ ಫ್ರೆಂಚ್ ಮಿಷನರಿಗಳ ಕಾಲದ್ದು. ಅಣೆಕಟ್ಟೆ ಬಂದಾಗ ಊರೇ ಎದ್ದು ಹೋಯಿತು, ಕಟ್ಟಡ ಉಳಿಯಿತು.

ಎರಡನೆಯ ಕಥೆ ಮೊಟ್ಟೆ ಮತ್ತು ಬೆಲ್ಲದ್ದು. ಗಾರೆಗೆ ಅವನ್ನು ಹಾಕಿದ್ದರಿಂದಲೇ ಇಷ್ಟು ವರ್ಷ ನೀರಲ್ಲಿ ನಿಂತಿದೆ ಅನ್ನುತ್ತಾರೆ. ಇದು ಪೂರ್ತಿ ಸುಳ್ಳಲ್ಲ. ಹಳೇ ಗಾರೆಯವರು ಸುಣ್ಣಕ್ಕೆ ಬೆಲ್ಲದ ನೀರು, ಮೊಟ್ಟೆಯ ಬಿಳಿ ಹಾಕುತ್ತಿದ್ದದ್ದು ನಿಜ. ಸಕ್ಕರೆ ಅಂಶ ಇದ್ದರೆ ನೀರಿನಲ್ಲಿ ಸುಣ್ಣ ಜಾಸ್ತಿ ಕರಗುತ್ತದೆ, ಗಾರೆ ನಿಧಾನ ಗಟ್ಟಿಯಾಗುತ್ತದೆ, ಕೆಲಸ ಮಾಡಲು ಹದ ಸಿಗುತ್ತದೆ. ಆದರೆ ಕಟ್ಟಡವನ್ನು ಎತ್ತಿ ಹಿಡಿದಿರುವುದು ಮೊಟ್ಟೆ ಅಲ್ಲ, ಕಮಾನು. ಕಮಾನಿನಲ್ಲಿ ಪ್ರತಿ ಇಟ್ಟಿಗೆಯೂ ಪಕ್ಕದ ಇಟ್ಟಿಗೆಯನ್ನು ಒತ್ತುತ್ತದೆ. ಎಳೆಯುವ ಬಲ ಹೆಚ್ಚುಕಡಿಮೆ ಎಲ್ಲೂ ಇಲ್ಲ. ಇಟ್ಟಿಗೆ, ಗಾರೆ ಎರಡಕ್ಕೂ ಒತ್ತಡ ತಡೆಯುವುದು ಗೊತ್ತು, ಎಳೆತ ತಡೆಯುವುದು ಗೊತ್ತಿಲ್ಲ. ಚಾವಣಿ ಹೋದರೂ ಚೂಪು ಕಮಾನುಗಳು ಉಳಿದದ್ದು ಅದಕ್ಕೇ.

ಇನ್ನು ಸುಣ್ಣದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನಗೆ ಇದು ಎಷ್ಟು ಸಲ ಹೇಳಿದರೂ ಸಾಲದು. ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಯಲ್ಲಿ ಸುಡುತ್ತಾರೆ. ಕಲ್ಲಿನೊಳಗಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಉಳಿಯುವುದು ಸುಟ್ಟ ಸುಣ್ಣ. ನೀರು ಹೊಯ್ದರೆ ಕೊತಕೊತ ಕುದಿದು ಅರಳುತ್ತದೆ. ಮರಳಿನ ಜೊತೆ ಅರೆದು ಗೋಡೆಗೆ ಹಾಕಿದ ಮೇಲೆ ಅದು ಗಾಳಿಯಿಂದ ಅದೇ ಡೈಆಕ್ಸೈಡನ್ನು ಮತ್ತೆ ಹೀರಿಕೊಳ್ಳುತ್ತದೆ. ಹೊರಗಿನಿಂದ ಒಳಗೆ, ತಿಂಗಳುಗಟ್ಟಲೆ, ದಪ್ಪ ಗೋಡೆಯಾದರೆ ವರ್ಷಗಟ್ಟಲೆ. ಕೊನೆಗೆ ಅದು ಏನಾಗುತ್ತದೆ? ಮತ್ತೆ ಸುಣ್ಣದಕಲ್ಲು. ಕಲ್ಲನ್ನು ಪುಡಿ ಮಾಡಿ, ಬೇಕಾದ ಸಂದಿಗೆ ತುಂಬಿ, ಅಲ್ಲೇ ಮತ್ತೆ ಕಲ್ಲು ಮಾಡುವ ವಿದ್ಯೆ ಇದು. ಇಷ್ಟಿದ್ದ ಮೇಲೆ ಪವಾಡ ಯಾಕೆ ಬೇಕು?

ಹಾಗಾದರೆ ಗೋಡೆ ಬೀಳುತ್ತಿರುವುದು ಯಾಕೆ? ಇತ್ತೀಚಿನ ಮಳೆಗಾಲಗಳಲ್ಲಿ ಒಂದಷ್ಟು ಭಾಗ ಕುಸಿದಿದೆ. ನೀರಲ್ಲಿ ನಿಂತಿದ್ದರಿಂದ ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ನೀರಲ್ಲಿ ನಿಂತಿದ್ದರೆ ಇಷ್ಟು ಬೇಗ ಕೆಡುತ್ತಿರಲಿಲ್ಲ. ಕೆಡಿಸುವುದು ನೆನೆದು ಒಣಗುವುದು, ಮತ್ತೆ ನೆನೆದು ಒಣಗುವುದು. ಇಟ್ಟಿಗೆ ನೀರು ಕುಡಿದಾಗ ಅದರ ಜೊತೆ ಕರಗಿದ ಉಪ್ಪುಗಳೂ ಒಳಗೆ ಬರುತ್ತವೆ. ಒಣಗುವಾಗ ನೀರು ಮಾತ್ರ ಹೊರಗೆ ಹೋಗುತ್ತದೆ. ಉಪ್ಪು ಮೇಲ್ಪದರದ ಹಿಂದೆ ಹರಳುಗಟ್ಟಿ ಆ ಪದರವನ್ನು ಹೊರಕ್ಕೆ ತಳ್ಳುತ್ತದೆ. ನಮ್ಮ ಮನೆಗಳ ಬಚ್ಚಲ ಗೋಡೆ ಬುಡದಲ್ಲಿ ಬಣ್ಣ ಉಬ್ಬಿ, ಬಿಳಿ ಪುಡಿ ಉದುರುತ್ತದಲ್ಲ, ಅದೇ ಕೆಲಸ ಇಲ್ಲಿ ಆಳೆತ್ತರದ ಗೋಡೆಗೆ ಆಗುತ್ತಿದೆ. ಜೊತೆಗೆ ಮಳೆನೀರಿನ ಸಣ್ಣ ಹುಳಿ ಸುಣ್ಣವನ್ನು ಅಷ್ಟಷ್ಟೇ ಕರಗಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಗಾರೆ ಸಂದಿಗಳು ಒಳಕ್ಕೆ ಸರಿದು, ಇಟ್ಟಿಗೆಯ ಅಂಚು ಮುಂದೆ ಚಾಚಿಕೊಂಡಿರುವುದು ಕಾಣುತ್ತದೆ. ಬಿರುಕಿಗೆ ಹಕ್ಕಿ ತಂದು ಹಾಕಿದ ಅರಳಿ ಬೀಜ ಬಿದ್ದರೆ ಉಳಿದದ್ದನ್ನು ಬೇರು ನೋಡಿಕೊಳ್ಳುತ್ತದೆ. ಅದರ ಮೇಲೆ ಪ್ರೇಮಿಗಳು ಹೆಸರು ಕೆತ್ತುತ್ತಾರೆ. ಉಪ್ಪಿಗಾದರೂ ಬುದ್ಧಿ ಇಲ್ಲ.

ಚರ್ಚಿನಿಂದ ನೀರಿನ ಕಡೆ ಇಳಿದರೆ ಕಾಲಡಿಯಲ್ಲಿ ಇನ್ನೊಂದು ಲೆಕ್ಕ. ಗೊರೂರು ಸುತ್ತಿನ ನೈಸ್ ಅನ್ನುವ ಪಟ್ಟೆಪಟ್ಟೆ ಶಿಲೆಗೆ ಸುಮಾರು 330 ಕೋಟಿ ವರ್ಷ ವಯಸ್ಸು. ಕರ್ನಾಟಕದ ಅತಿ ಹಳೆಯ ಕಲ್ಲುಗಳಲ್ಲಿ ಅದೂ ಒಂದು. ಅದು ಹುಟ್ಟಿದಾಗ ಭೂಮಿಯ ಮೇಲೆ ಸೂಕ್ಷ್ಮಜೀವಿ ಬಿಟ್ಟರೆ ಬೇರೇನೂ ಇರಲಿಲ್ಲ.

ಒಣಗಿ ಬಿರಿದ ಕೆಸರಿನಲ್ಲಿ ಬಸವನಹುಳುವಿನ ಚಿಪ್ಪುಗಳು ಬಿದ್ದಿರುತ್ತವೆ. ಎಲ್ಲವೂ ಸತ್ತವೇನಲ್ಲ. ಕೆರೆಯ ದೊಡ್ಡ ಬಸವನಹುಳು ನೀರು ಇಳಿದಾಗ ಕೆಸರಿಗೆ ಇಳಿದು, ಚಿಪ್ಪಿನ ಬಾಯಿಗೆ ಮುಚ್ಚಳ ಎಳೆದುಕೊಂಡು ಮಳೆ ಬರುವ ತನಕ ಮಲಗಿಬಿಡುತ್ತದೆ. ಅದಕ್ಕೆ ನೀರಲ್ಲಿ ಉಸಿರಾಡಲು ಕಿವಿರೂ ಇದೆ, ಗಾಳಿಗೆ ಶ್ವಾಸಕೋಶದಂಥ ಚೀಲವೂ ಇದೆ. ಅಂಚು ಓಡಾಡುವ ಜಾಗಕ್ಕೆ ಹೇಳಿ ಮಾಡಿಸಿದ ಪ್ರಾಣಿ. ಅದರ ಬೇಟೆಗಾರ ಬಾಯ್ಕಳಕ ಕೊಕ್ಕರೆ. ಕೊಕ್ಕು ಮುಚ್ಚಿದರೂ ಮಧ್ಯೆ ಸಂದಿ ಉಳಿಯುವ ಹಕ್ಕಿ. ಆ ಸಂದಿಯಿಂದ ಚಿಪ್ಪನ್ನು ಅಡಿಕೆಯಂತೆ ಕತ್ತರಿಸುತ್ತದೆ ಅಂತ ಹಲವರ ನಂಬಿಕೆ. ಇಲ್ಲ. ಕೊಕ್ಕಿನ ತುದಿಯನ್ನು ಮುಚ್ಚಳದಡಿ ತೂರಿಸಿ, ಒಳಗಿನ ಸ್ನಾಯು ಕತ್ತರಿಸಿ ಮಾಂಸ ಎಳೆದುಕೊಳ್ಳುತ್ತದೆ. ಚಿಪ್ಪು ಸಾಮಾನ್ಯವಾಗಿ ಇಡಿಯಾಗಿಯೇ ಉಳಿಯುತ್ತದೆ.

ಈ ದಡದ ನಿಜವಾದ ಯಜಮಾನ ಮಾತ್ರ ಟಿಟ್ಟಿಭ. ಕಣ್ಣಿನ ಮುಂದೆ ಕೆಂಪು ಚರ್ಮ, ಹಳದಿ ಕಾಲು, ಯಾರು ಬಂದರೂ ಊರಿಗೆಲ್ಲ ಕೇಳುವಂತೆ ಕೂಗು. ಪಂಚತಂತ್ರದಲ್ಲಿ ಇದರ ಕಥೆ ಇದೆ. ಸಮುದ್ರದ ದಡದಲ್ಲಿ ಇಟ್ಟ ಮೊಟ್ಟೆಯನ್ನು ಸಮುದ್ರ ಕೊಂಡೊಯ್ಯುತ್ತದೆ. ಹಕ್ಕಿಗಳೆಲ್ಲ ಗರುಡನಿಗೆ ದೂರು ಕೊಡುತ್ತವೆ, ಗರುಡ ವಿಷ್ಣುವಿಗೆ ಹೇಳುತ್ತಾನೆ, ಸಮುದ್ರ ಹೆದರಿ ಮೊಟ್ಟೆ ವಾಪಸ್ ಕೊಡುತ್ತದೆ. ಕಥೆ ಕಟ್ಟಿದವರು ಹಕ್ಕಿಯನ್ನು ಸರಿಯಾಗಿ ನೋಡಿದ್ದರು. ಅದು ಗೂಡು ಕಟ್ಟುವುದಿಲ್ಲ. ಬರಿ ನೆಲದಲ್ಲಿ ಸಣ್ಣ ಗುಂಡಿ, ಸುತ್ತ ನಾಲ್ಕು ಹರಳು, ಒಣಗಿದ ಆಡಿನ ಹಿಕ್ಕೆ. ಅಷ್ಟೇ. ಒಳಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ ಮಾಡಿ ಜೋಡಿಸಿದ್ದು. ಮಣ್ಣಿನ ಬಣ್ಣದ ಮೇಲೆ ಕಪ್ಪು ಕಂದು ಮಚ್ಚೆ. ಎರಡು ಹೆಜ್ಜೆ ದೂರದಿಂದಲೂ ಅದು ಕಲ್ಲೋ ಮೊಟ್ಟೆಯೋ ಹೇಳಲಾಗದು.

ಮೇ ತಿಂಗಳ ಮಧ್ಯಾಹ್ನ ಆ ನೆಲದ ಮೇಲೆ ಬರಿಗಾಲು ಇಡಲಾಗುವುದಿಲ್ಲ. 40 ಡಿಗ್ರಿ ದಾಟಿ ಬಹಳ ಹೊತ್ತು ನಿಂತರೆ ಮೊಟ್ಟೆಯೊಳಗಿನ ಮರಿ ಸಾಯುತ್ತದೆ. ಹಾಗಾಗಿ ಈ ಹೊತ್ತಿನಲ್ಲಿ ಹಕ್ಕಿ ಕಾವು ಕೊಡಲು ಕೂರುವುದಿಲ್ಲ, ತಣ್ಣಗಿಡಲು ಕೂರುತ್ತದೆ. ನೀರಿಗೆ ನಡೆದು ಹೋಗಿ ಹೊಟ್ಟೆ ಅದ್ದುತ್ತದೆ. ಮೈ ಅಲ್ಲಾಡಿಸಿ ಗರಿಯೊಳಗೆ ನೀರು ಹಿಡಿಸಿಕೊಳ್ಳುತ್ತದೆ. ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಒದ್ದೆ ಆರುವಾಗ ಮೊಟ್ಟೆಯ ಬಿಸಿಯನ್ನು ಹೀರಿಕೊಂಡು ಆರುತ್ತದೆ. ಅಂದರೆ ನೀರು ತೀರಾ ದೂರ ಇದ್ದರೆ ಕಷ್ಟ, ತೀರಾ ಹತ್ತಿರ ಇದ್ದರೆ ಜೂನಿನಲ್ಲಿ ಮುಳುಗಡೆ. ಮರಿ ಹೊರಬರಲು ಸುಮಾರು ನಾಲ್ಕು ವಾರ ಬೇಕು. ಏಪ್ರಿಲ್‌ನಲ್ಲಿ ಇಟ್ಟ ಮೊಟ್ಟೆ ಗೆಲ್ಲುತ್ತದೆ. ಮೇ ಕೊನೆಗೆ ನೀರಿನ ಪಕ್ಕದಲ್ಲೇ ಇಟ್ಟದ್ದಕ್ಕೆ ಗರುಡ ಬರುವುದಿಲ್ಲ. ಆ ಮೊಟ್ಟೆ ಹೋದರೆ ಹಕ್ಕಿ ಮತ್ತೆ ಇಡುತ್ತದೆ.

ಟಿಟ್ಟಿಭ ಎತ್ತರದಲ್ಲಿ ಮೊಟ್ಟೆ ಇಟ್ಟರೆ ಮಳೆ ಜಾಸ್ತಿ, ನಾಲ್ಕು ಮೊಟ್ಟೆ ಇಟ್ಟರೆ ನಾಲ್ಕು ತಿಂಗಳು ಮಳೆ ಅನ್ನುವ ಸುದ್ದಿ ಉತ್ತರದ ರಾಜ್ಯಗಳಿಂದ ಪ್ರತಿ ಬೇಸಿಗೆಯಲ್ಲೂ ವಾಟ್ಸಾಪಿಗೆ ಬರುತ್ತದೆ. ನಾಲ್ಕು ಇಡುವುದು ಅದರ ವಾಡಿಕೆ. ಬರಗಾಲದಲ್ಲೂ ಸಾಮಾನ್ಯವಾಗಿ ನಾಲ್ಕೇ. ಮುಂದಿನ ಮಳೆ ಅದಕ್ಕೆ ಗೊತ್ತಿದ್ದರೆ ಹಿನ್ನೀರಿನ ದಡದಲ್ಲಿ ಒಂದು ಮೊಟ್ಟೆಯೂ ಮುಳುಗಬಾರದಿತ್ತು. ಹಕ್ಕಿಗೆ ಕಾಣುವುದು ಇವತ್ತಿನ ನೀರಿನ ಅಂಚು. ಗೇಟಿನ ಲೆಕ್ಕ ಅದಕ್ಕೆ ಯಾರೂ ಹೇಳಿಲ್ಲ.

ಇದೇ ಪೇಚಾಟ ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯಲ್ಲೂ ಇದೆ. ಭದ್ರಾ ಜಲಾಶಯ ಇಳಿದಾಗ ಮೇಲೇಳುವ ಬೋಳು ದ್ವೀಪಗಳಲ್ಲಿ ಹಳದಿ ಕೊಕ್ಕಿನ ನದಿ ರೀವ ಹಕ್ಕಿಗಳು ನೂರುಗಟ್ಟಲೆ ಬಂದು ಮೊಟ್ಟೆ ಇಡುತ್ತವೆ. ಸುತ್ತ ನೀರಿರುವುದರಿಂದ ನಾಯಿ, ನರಿಗಳ ಕಾಟ ಕಡಿಮೆ. ನೀರು ಮೊದಲೇ ಏರಿದರೆ ದ್ವೀಪವೇ ಇಲ್ಲ. ತಡವಾಗಿ ಇಳಿದರೂ ಜಾಗವಿಲ್ಲ.

ಶೆಟ್ಟಿಹಳ್ಳಿಗೆ ಬೇಸಿಗೆಯಲ್ಲಿ ಹೋಗುವವರು ಕಾರು, ಬೈಕುಗಳನ್ನು ಚರ್ಚಿನ ಮೇಲ್ಗಡೆಯೇ ನಿಲ್ಲಿಸಿ. ಫೋಟೊಕ್ಕೆಂದು ನೀರಿನ ಅಂಚಿನ ತನಕ ಓಡಿಸುವವರ ಚಕ್ರದ ಗುರುತು ಹರಳು ನೆಲದ ಉದ್ದಕ್ಕೂ ಕಾಣುತ್ತದೆ, ಮೊಟ್ಟೆ ಇರುವುದೂ ಅದೇ ನೆಲದಲ್ಲಿ. ದನ ತುಳಿದ ಕಾಲುದಾರಿಯಲ್ಲಿ ನಡೆಯಿರಿ. ಟಿಟ್ಟಿಭ ತಲೆಯ ಮೇಲೆ ಎರಗಿ ಬಂದರೆ ಗೂಡು ಅಲ್ಲೇ ಎಲ್ಲೋ ಇದೆ ಅಂತ ಲೆಕ್ಕ. ಹುಡುಕಬೇಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ.