ಸಸ್ಯ ಸ್ಟೆರಾಲ್ ಎಂದರೆ ‘ಗಿಡದ ಕೊಲೆಸ್ಟ್ರಾಲ್’ ಅಲ್ಲ

‘ಸಸ್ಯ ಸ್ಟೆರಾಲ್ ಎಂದರೆ ಗಿಡಗಳಿಂದ ಸಿಗುವ ಒಳ್ಳೆಯ ಕೊಲೆಸ್ಟ್ರಾಲ್, ಇದು ಗರ್ಭಿಣಿಯಿಂದ ಮಗುವಿಗೆ ವರ್ಗಾವಣೆಯಾಗುತ್ತದೆ.’ ಪತ್ರಿಕೆಯೊಂದರ ಪುರವಣಿಯಲ್ಲಿ ಕಳೆದ ವಾರ ಈ ವಾಕ್ಯವನ್ನು ಓದಿದೆ. ಇದೇ ಮಾತನ್ನು ಹಿಂದೆಯೂ ಹಲವು ಕಡೆ ಓದಿ ಪುಟ ಮಗುಚಿದ್ದುಂಟು. ಈ ಸಲ ಸುಮ್ಮನಿರಲಾಗಲಿಲ್ಲ. ಸಸ್ಯ ಸ್ಟೆರಾಲ್ ಕೊಲೆಸ್ಟ್ರಾಲ್ ಅಲ್ಲ ಎಂಬ ಒಂದೇ ಕಾರಣಕ್ಕೆ ಅದು ತಾಯಿ ಮತ್ತು ಮಗುವಿನ ನಡುವಿನ ಒಂದು ಮುಖ್ಯ ಸಂಗತಿಗೆ ಸಾಕ್ಷಿಯಾಗಿದೆ. ಅದನ್ನು ಕೊಲೆಸ್ಟ್ರಾಲ್ ಎಂದು ಕರೆದ ಕೂಡಲೇ ಆ ಸಾಕ್ಷಿ ಬಿದ್ದುಹೋಗುತ್ತದೆ.

ಹೆಸರಿನಿಂದಲೇ ಆರಂಭಿಸಬೇಕು. ಗ್ರೀಕಿನಲ್ಲಿ ‘ಖೊಲೆ’ ಎಂದರೆ ಪಿತ್ತ, ‘ಸ್ಟೆರಿಯೋಸ್’ ಎಂದರೆ ಗಟ್ಟಿಯಾದದ್ದು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಪಿತ್ತಕೋಶದ ಕಲ್ಲುಗಳಿಂದ ಬೇರ್ಪಡಿಸಿದ, ಮುಟ್ಟಿದರೆ ಮೇಣದಂತೆ ನುಣುಪಾದ ಬಿಳಿಯ ವಸ್ತುವಿಗೆ ಮುಂದೆ ಮಿಶೆಲ್ ಶೆವ್ರೇಲ್ ಎಂಬ ರಸಾಯನವಿಜ್ಞಾನಿ ‘ಕೊಲೆಸ್ಟೆರೀನ್’ ಎಂದು ಹೆಸರಿಟ್ಟ. ಅದು ರಸಾಯನವಿಜ್ಞಾನದಲ್ಲಿ ಆಲ್ಕೊಹಾಲುಗಳೆಂದು ಕರೆಯುವ ಗುಂಪಿಗೆ ಸೇರಿದ್ದೆಂದು ಆಮೇಲೆ ತಿಳಿದದ್ದರಿಂದ ಹೆಸರಿನ ಬಾಲ ‘ಆಲ್’ ಎಂದು ಬದಲಾಗಿ ‘ಕೊಲೆಸ್ಟ್ರಾಲ್’ ಆಯಿತು. ಹಾಗಾಗಿ ಈ ಪದದ ಅಕ್ಷರಶಃ ಅರ್ಥ ‘ಪಿತ್ತದ ಗಟ್ಟಿ ಆಲ್ಕೊಹಾಲ್’. ತಲೆಯ ಮೇಲಿನ ‘ಪಿತ್ತ’ವನ್ನು ತೆಗೆದರೆ ಉಳಿಯುವ ‘ಸ್ಟೆರಾಲ್’ ಎಂಬುದು ಇಂಥ ವಸ್ತುಗಳ ಇಡೀ ಮನೆತನದ ಹೆಸರು. ಆ ಮನೆತನದಲ್ಲಿ ಕೊಲೆಸ್ಟ್ರಾಲ್ ಪ್ರಾಣಿಗಳ ಕವಲು. ಪಿತ್ತಕೋಶವೇ ಇಲ್ಲದ ಗಿಡಕ್ಕೆ ‘ಸಸ್ಯ ಕೊಲೆಸ್ಟ್ರಾಲ್’ ಎಂದು ಬರೆಯುವುದು ಮನೆತನದ ಹೆಸರನ್ನು ಬಿಟ್ಟು ದಾಯಾದಿಯ ಹೆಸರನ್ನು ಅಂಟಿಸಿದಂತೆ. ಆಲೂಗಡ್ಡೆ, ಟೊಮೆಟೊಗಳ ಗಿಡದಲ್ಲಿ ನಿಜವಾದ ಕೊಲೆಸ್ಟ್ರಾಲೇ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ ಎಂಬುದೂ ಸತ್ಯ. ‘ಸಸ್ಯ ಕೊಲೆಸ್ಟ್ರಾಲ್’ ಎಂಬ ಮಾತಿಗೆ ಅರ್ಥವಿದ್ದರೆ ಅದಕ್ಕಿರಬೇಕೇ ಹೊರತು ಸಸ್ಯ ಸ್ಟೆರಾಲಿಗಲ್ಲ.

ಗಿಡಗಳ ಕವಲಿನವರ ಹೆಸರುಗಳು ಹುಟ್ಟೂರನ್ನು ತಾವೇ ಹೇಳುತ್ತವೆ. ‘ಸಿಟೋಸ್’ ಎಂದರೆ ಧಾನ್ಯ, ಅದರಿಂದ ಸಿಟೋಸ್ಟೆರಾಲ್. ಸಾಸಿವೆಯ ಕುಲದ ಒಂದು ಗಿಡಕ್ಕೆ ಶಾಸ್ತ್ರದಲ್ಲಿ ಇದ್ದ ‘ಕ್ಯಾಂಪೆಸ್ಟ್ರಿಸ್’, ಅಂದರೆ ‘ಹೊಲದ್ದು’ ಎಂಬ ಹೆಸರಿನಿಂದ ಕ್ಯಾಂಪೆಸ್ಟೆರಾಲ್. ಪಶ್ಚಿಮ ಆಫ್ರಿಕದ ‘ಫೈಸೊಸ್ಟಿಗ್ಮಾ’ ಎಂಬ ವಿಷದ ಅವರೆಯಿಂದ ಸ್ಟಿಗ್ಮಾಸ್ಟೆರಾಲ್. ಎಳ್ಳು, ಶೇಂಗಾ, ಬೇಳೆ, ಅಡುಗೆ ಎಣ್ಣೆ, ಎಲ್ಲದರಲ್ಲೂ ಇಂಥವು ಇವೆ.

ಇವುಗಳ ಅಣುವನ್ನೂ ಕೊಲೆಸ್ಟ್ರಾಲಿನ ಅಣುವನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದರೆ ಒಡಲಿನ ನಾಲ್ಕು ಉಂಗುರಗಳು ಒಂದೇ, ವ್ಯತ್ಯಾಸವಿರುವುದು ಬಾಲದಲ್ಲಿ. ಇಪ್ಪತ್ತನಾಲ್ಕನೆಯ ಇಂಗಾಲಕ್ಕೆ ಕ್ಯಾಂಪೆಸ್ಟೆರಾಲಿನಲ್ಲಿ ಇನ್ನೊಂದು ಇಂಗಾಲ ಅಂಟಿಕೊಂಡಿರುತ್ತದೆ, ಸಿಟೋಸ್ಟೆರಾಲಿನಲ್ಲಿ ಎರಡು. ನಮ್ಮ ಕರುಳು ಇಷ್ಟು ಸಣ್ಣ ವ್ಯತ್ಯಾಸವನ್ನು ಗುರುತಿಸುತ್ತದೆ. ತಿಂದ ಕೊಲೆಸ್ಟ್ರಾಲಿನಲ್ಲಿ ಸುಮಾರು ಅರ್ಧದಷ್ಟನ್ನು ಒಳಕ್ಕೆ ಬಿಟ್ಟುಕೊಂಡರೆ, ಸಸ್ಯ ಸ್ಟೆರಾಲಿನಲ್ಲಿ ರಕ್ತ ಸೇರುವುದು ಶೇ. 5ಕ್ಕಿಂತ ಕಡಿಮೆ, ಕರುಳಿನ ಕೋಶದೊಳಕ್ಕೆ ನುಸುಳಿದ್ದರಲ್ಲಿ ಬಹುಪಾಲನ್ನು ಜೋಡಿಯಾಗಿ ಕೆಲಸ ಮಾಡುವ ಎರಡು ಪ್ರೋಟೀನುಗಳು ಮತ್ತೆ ಕರುಳಿನ ಪೊಳ್ಳಿಗೇ ದಬ್ಬುತ್ತವೆ. ಈ ಜೋಡಿ ಕೆಟ್ಟವರಲ್ಲಿ ಸಸ್ಯ ಸ್ಟೆರಾಲ್ ರಕ್ತದಲ್ಲಿ ತುಂಬಿಕೊಳ್ಳುವ ಕಾಯಿಲೆಯನ್ನು 1974ರಲ್ಲಿ ಇಬ್ಬರು ಅಕ್ಕತಂಗಿಯರಲ್ಲಿ ಮೊದಲು ಗುರುತಿಸಲಾಯಿತು. ದೇಹ ಇಷ್ಟೊಂದು ಶ್ರಮಪಟ್ಟು ಹೊರಗಿಡುವ ವಸ್ತುವನ್ನು ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನಲಾಗದು. ಅದು ಕರುಳಿನಲ್ಲಿ ಕೊಲೆಸ್ಟ್ರಾಲಿನ ಜಾಗವನ್ನು ಹಿಡಿದು ಅದರ ಹೀರಿಕೆಯನ್ನು ತಗ್ಗಿಸುತ್ತದೆ. ಉಪಯೋಗ ಇರುವುದು ಅಲ್ಲಿ.

ಇನ್ನು ಗರ್ಭದ ವಿಷಯ. ಕೊಲೆಸ್ಟ್ರಾಲನ್ನು ತಾಯಿಯ ದೇಹವೂ ತಯಾರಿಸುತ್ತದೆ, ಭ್ರೂಣವೂ ತಯಾರಿಸಿಕೊಳ್ಳುತ್ತದೆ. ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಸಿಕ್ಕ ಕೊಲೆಸ್ಟ್ರಾಲಿನ ಅಣು ಯಾರದು ಎಂದು ಅದನ್ನು ನೋಡಿ ಹೇಳಲು ಬರುವುದಿಲ್ಲ. ಆದರೆ ಸಿಟೋಸ್ಟೆರಾಲನ್ನು ಯಾವ ಮನುಷ್ಯನ ದೇಹವೂ ತಯಾರಿಸಲಾರದು. ಆಗತಾನೆ ಹುಟ್ಟಿದ, ಇನ್ನೂ ಬಾಯಿಗೆ ಏನನ್ನೂ ಮುಟ್ಟಿಸದ ಮಗುವಿನ ಬಳ್ಳಿಯ ರಕ್ತದಲ್ಲಿ ಸಿಟೋಸ್ಟೆರಾಲ್ ಇದ್ದರೆ ಅದು ತಾಯಿ ಉಂಡ ಅನ್ನ, ಸಾರು, ಎಣ್ಣೆಗಳಿಂದ ಹೊರಟು ಮಾಸನ್ನು (ಪ್ಲಾಸೆಂಟಾ) ದಾಟಿಯೇ ಬಂದಿರಬೇಕು. ಅದು ನಿಜವಾಗಿಯೂ ಅಲ್ಲಿ ಇರುತ್ತದೆ, ತಾಯಿಯ ರಕ್ತದಲ್ಲಿರುವುದಕ್ಕಿಂತ ಕಡಿಮೆ ಪ್ರಮಾಣದಲ್ಲಿ. ಅಷ್ಟು ಹತ್ತಿರದ ದಾಯಾದಿ ದಾಟಬಲ್ಲದಾದರೆ ತಾಯಿಯ ಕೊಲೆಸ್ಟ್ರಾಲೂ ದಾಟುತ್ತದೆ ಎಂದು ತರ್ಕಿಸಲು ಸಾಧ್ಯವಾದದ್ದು ಹೀಗೆ. 1964ರಲ್ಲಿ ಸ್ಮಿತ್, ಲೆಮ್ಲಿ, ಓಪಿಟ್ಸ್ ಎಂಬ ಮೂವರು ವೈದ್ಯರು ವಿವರಿಸಿದ, ಅವರ ಹೆಸರಿನಲ್ಲೇ ಕರೆಯುವ ಕಾಯಿಲೆಯಲ್ಲಿ ಮಗು ಕೊಲೆಸ್ಟ್ರಾಲ್ ತಯಾರಿಕೆಯ ಕೊನೆಯ ಹೆಜ್ಜೆಯಲ್ಲಿ ಸೋಲುತ್ತದೆ. ಆ ಹೆಜ್ಜೆಯ ಕಿಣ್ವ ಪೂರ್ತಿ ಇಲ್ಲದ ಮಕ್ಕಳಲ್ಲೂ ಹುಟ್ಟುವಾಗ ಸ್ವಲ್ಪ ಕೊಲೆಸ್ಟ್ರಾಲ್ ಇರುವುದು ಇದೇ ತರ್ಕಕ್ಕೆ ಬಲ ಕೊಡುತ್ತದೆ.

ಇಲ್ಲಿ ‘ವರ್ಗಾವಣೆ’ ಎಂಬ ಪದವೂ ನನಗೆ ಒಪ್ಪಿಗೆಯಿಲ್ಲ. ಅದು ಕಚೇರಿಯ ಪದ. ವರ್ಗವಾದವರು ಹಳೆಯ ಊರಿನಲ್ಲಿ ಇರುವುದಿಲ್ಲ. ತಾಯಿಯ ರಕ್ತವೇ ಮಗುವಿನೊಳಕ್ಕೆ ಹರಿಯುತ್ತದೆಂಬ ತಪ್ಪು ಚಿತ್ರವೂ ಆ ಪದದ ಬೆನ್ನಿಗೇ ಬರುತ್ತದೆ. ನಡೆಯುವುದು ಬೇರೆ: ಮಾಸಿನ ಕೋಶಗಳು ತಾಯಿಯ ರಕ್ತದಿಂದ ಕೊಲೆಸ್ಟ್ರಾಲ್ ಹೊತ್ತ ಕಣಗಳನ್ನು ಒಳಗೆ ತೆಗೆದುಕೊಂಡು, ತಮಗೆ ಪ್ರೊಜೆಸ್ಟೆರಾನ್ ಹಾರ್ಮೋನು ತಯಾರಿಸಲು ಬೇಕಾದಷ್ಟನ್ನು ಬಳಸಿಕೊಂಡು, ಸ್ವಲ್ಪವನ್ನು ಮಗುವಿನ ಕಡೆಯ ರಕ್ತಕ್ಕೆ ದಾಟಿಸುತ್ತವೆ. ‘ದಾಟುವಿಕೆ’ ಎಂದರೆ ಸಾಕು, ಅರ್ಥ ಸ್ಪಷ್ಟ.

ಈ ಬೇಡಿಕೆಗೆ ತಕ್ಕಂತೆಯೇ ಗರ್ಭಿಣಿಯ ಕೊಲೆಸ್ಟ್ರಾಲ್ ಏರುತ್ತದೆ. ಎಂಟನೆಯ ತಿಂಗಳಲ್ಲಿ ನನ್ನ ತಂಗಿಯ ಮಗಳ ವರದಿಯಲ್ಲಿ 258 ಎಂಬ ಅಂಕಿಯ ಪಕ್ಕದಲ್ಲಿ ನಕ್ಷತ್ರದ ಗುರುತು ಬಿದ್ದದ್ದನ್ನು ಕಂಡು ಅವಳ ಅತ್ತೆ ಅಂದೇ ತುಪ್ಪ ನಿಲ್ಲಿಸಿದರು. ಆ ನಕ್ಷತ್ರವನ್ನು ಹಾಕಿದ್ದು ಗರ್ಭಿಣಿಯಲ್ಲದವರ ಮಿತಿಯನ್ನು ನೋಡಿ. ‘ಇದು ಈ ತಿಂಗಳಲ್ಲಿ ಹೀಗೇ ಇರುತ್ತದಮ್ಮ’ ಎಂದು ಡಾಕ್ಟರು ಹೇಳಿದ ಮೇಲೆಯೇ ಮನೆಯವರಿಗೆ ಸಮಾಧಾನವಾದದ್ದು.

ಸಸ್ಯ ಸ್ಟೆರಾಲನ್ನು ‘ಒಳ್ಳೆಯ ಕೊಲೆಸ್ಟ್ರಾಲ್’ ಎಂದು ಬರೆಯುವುದರ ಅಪಾಯ ಇಂಥ ಮನೆಗಳಿಗೇ ಹೆಚ್ಚು. ಕೊಲೆಸ್ಟ್ರಾಲ್ ಇಳಿಸಲೆಂದು ದಿನಕ್ಕೆ 2 ಗ್ರಾಂನಷ್ಟು ಸ್ಟೆರಾಲ್ ಸಿಗುವಂತೆ ಬೆರೆಸಿದ ಆಹಾರಗಳು ಪೇಟೆಯಲ್ಲಿವೆ. ಸಾಮಾನ್ಯ ಊಟದಲ್ಲಿ ಸಿಗುವುದು ಕೆಲವು ನೂರು ಮಿಲಿಗ್ರಾಂ ಮಾತ್ರ. ಮಗುವಿಗೆ ಒಳ್ಳೆಯದೆಂದು ನಂಬಿದ ಗರ್ಭಿಣಿ ಆ ಡಬ್ಬಿಯನ್ನೇ ಕೊಂಡಾಳು. ಐರೋಪ್ಯ ಒಕ್ಕೂಟದ ನಿಯಮದಂತೆ ಅಂಥ ಡಬ್ಬಿಯ ಮೇಲೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ ಇದು ತಕ್ಕ ಆಹಾರವಾಗದಿರಬಹುದು ಎಂದು ಮುದ್ರಿಸಲೇಬೇಕು. ಒಗ್ಗರಣೆಯ ಎಣ್ಣೆಗೆ, ಶೇಂಗಾ ಚಟ್ನಿಗೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ.