ಶೇಕಡಾ ಎಷ್ಟು ಎಂದು ಕೇಳುವವರಿಗೆ

ಚಿಟ್ಟೆಗಳ ವರ್ಗೀಕರಣದಲ್ಲಿ ತೊಡಗಿರುವ ನನ್ನಂಥವರಿಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ತಪ್ಪುವುದಿಲ್ಲ: ಡಿಎನ್‌ಎಯಲ್ಲಿ ಶೇಕಡಾ ಎಷ್ಟು ವ್ಯತ್ಯಾಸವಿದ್ದರೆ ಹೊಸ ಕುಲ (ಹತ್ತಿರದ ಪ್ರಭೇದಗಳನ್ನು ಒಟ್ಟುಗೂಡಿಸುವ ಗುಂಪು, ಅಂದರೆ ಜೀನಸ್) ಎನ್ನಬಹುದು? ಅಂಥ ಸಂಖ್ಯೆ ಇಲ್ಲ. ಎಷ್ಟು ಸಲ ಹೇಳಿದರೂ ಮುಂದಿನ ಪತ್ರದಲ್ಲಿ ಅದೇ ಪ್ರಶ್ನೆ ದಶಮಾಂಶ ಸಮೇತ ಹಾಜರಾಗುತ್ತದೆ.

ಈ ಶೇಕಡಾ ಲೆಕ್ಕ ಹುಟ್ಟುವುದು ಹೆಚ್ಚಾಗಿ ಬಾರ್‌ಕೋಡ್ ಎಂದು ಕರೆಯುವ, 658 ಬೇಸ್‌ಗಳಷ್ಟು (ಅಂದರೆ ಡಿಎನ್‌ಎಯ ಅಕ್ಷರಗಳಷ್ಟು) ಉದ್ದದ ಮೈಟೊಕಾಂಡ್ರಿಯದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ, ಡಿಎನ್‌ಎ ತುಣುಕಿನಿಂದ. ಪ್ರಭೇದಗಳನ್ನು ಗುರುತಿಸಲು ಅದು ಬಹುಮಟ್ಟಿಗೆ ನೆರವಾಗುತ್ತದೆ. ಆದರೆ ಕುಲಗಳು ಕವಲೊಡೆದು ಲಕ್ಷಾಂತರ ವರ್ಷಗಳು ಸಂದಿರುವುದರಿಂದ ಒಂದೇ ಸ್ಥಾನ ಮತ್ತೆ ಮತ್ತೆ ಬದಲಾಗಿ, ಹಳೆಯ ಬದಲಾವಣೆಗಳನ್ನು ಹೊಸವು ಅಳಿಸಿರುತ್ತವೆ; ಬದಲಾವಣೆಯ ವೇಗವೂ ಎಲ್ಲ ವಂಶಗಳಲ್ಲಿ ಒಂದೇ ಅಲ್ಲ; ಮೇಲಾಗಿ ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುವುದರಿಂದ, ಎಂದೋ ನಡೆದ ಸಂಕರವಾಗಲಿ, ಕೀಟಗಳ ಜೀವಕೋಶಗಳಲ್ಲಿ ನೆಲೆಸಿ ತಾಯಿಯಿಂದಲೇ ದಾಟುವ ವೊಲ್ಬಾಕಿಯ ಬ್ಯಾಕ್ಟೀರಿಯಾದ ಹರಡುವಿಕೆಯಾಗಲಿ ಲೆಕ್ಕವನ್ನೇ ತಪ್ಪಿಸಬಲ್ಲದು. 2023ರಲ್ಲಿ ಪ್ರಕಟವಾದ ಚಿಟ್ಟೆಗಳ ವಂಶವೃಕ್ಷಕ್ಕೆ 391 ಜೀನ್‌ಗಳನ್ನು ಬಳಸಿದ್ದು ಸುಮ್ಮನೆ ಅಲ್ಲ.

ಇಷ್ಟು ಜೀನ್‌ಗಳಿದ್ದರೂ ವೃಕ್ಷ ತೋರಿಸುವುದು ಕವಲುಗಳ ಕ್ರಮವನ್ನು, ಕುಲದ ಗಡಿಯನ್ನಲ್ಲ. ಒಬ್ಬ ಪೂರ್ವಜನ ಸಂತತಿಯೆಲ್ಲ ಕುಲದೊಳಗೆ ಇರಬೇಕು, ಹೊರಗಿನವರು ಸೇರಿರಬಾರದು ಎಂಬುದಷ್ಟೇ ನಾವು ಪಾಲಿಸುವ ತತ್ತ್ವ. ಅದು ಮುರಿದಿದ್ದರೆ ತಿದ್ದಲೇಬೇಕು; ತಿದ್ದುವ ದಾರಿ ಮಾತ್ರ ಒಂದೇ ಇರುವುದಿಲ್ಲ. ಉತ್ತರ ಅಮೆರಿಕದ ಸ್ಪೆಯೆರಿಯಾ ಚಿಟ್ಟೆಗಳು ಅರ್ಗಿನ್ನಿಸ್ ಕುಲದ ಕವಲುಗಳ ನಡುವೆಯೇ ಹುಟ್ಟಿದವು ಎಂದು ಕಂಡಾಗ, 2006ರ ಅಧ್ಯಯನ ಎಲ್ಲವನ್ನೂ ಅರ್ಗಿನ್ನಿಸ್‌ಗೆ ಸೇರಿಸಿತು. 2017ರ ಅಧ್ಯಯನ ಅದೇ ಗುಂಪನ್ನು ಅರ್ಗಿನ್ನಿಸ್, ಫ್ಯಾಬ್ರಿಸಿಯಾನ, ಸ್ಪೆಯೆರಿಯಾ ಎಂದು ಮೂರಾಗಿ ವಿಂಗಡಿಸಿತು. ಎರಡೂ ತತ್ತ್ವಕ್ಕೆ ಬದ್ಧವೇ. ನನ್ನ ಒಲವು ಎರಡನೆಯದರ ಕಡೆಗಿದೆ, ಆದರೆ ಒಲವನ್ನು ಪುರಾವೆಯೆಂದು ಯಾರೂ ಎಣಿಸಬಾರದು. ಪಾಲಿಯೊಮ್ಯಾಟಸ್ ಬಳಗದ ನೀಲಿ ಚಿಟ್ಟೆಗಳಿಗೆ 2013ರಲ್ಲಿ ಸೂಚಿಸಲಾದ ನಾಲ್ಕೈದು ದಶಲಕ್ಷ ವರ್ಷಗಳ ವಯೋಮಿತಿ (ಅದಕ್ಕಿಂತ ಹಿಂದೆ ಕವಲೊಡೆದವು ಬೇರೆ ಕುಲ ಎಂಬ ಗೆರೆ) ನನಗೆ ಹಿಡಿಸಿದೆಯಾದರೂ, ಅದನ್ನು ಆ ಬಳಗದಾಚೆಗೆ ಕಣ್ಣುಮುಚ್ಚಿ ಒಯ್ಯಲು ಒಪ್ಪಲಾರೆ.

ಗಡಿ ನಿರ್ಧಾರವಾದ ಮೇಲೆ ಹೆಸರಿನ ಆಯ್ಕೆ ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ನೀಲಿ ಚಿಟ್ಟೆಗಳ ಎರಡು ಕುಲನಾಮಗಳಲ್ಲಿ ಬಹುಜನಪರಿಚಿತವಾಗಿದ್ದ ಮ್ಯಾಕುಲಿನಿಯ 1915ರದು, ಫೆಂಗರಿಸ್ 1891ರದು. ಎರಡೂ ಒಂದೇ ಕುಲವೆಂದಾದಾಗ ಹಳೆಯದು ಗೆದ್ದಿತು.

ಉತ್ಸಾಹಿ ವಿದ್ಯಾರ್ಥಿಯೊಬ್ಬರು (ಇಂಥವರೆಂದರೆ ನನಗೆ ಅಕ್ಕರೆ, ಅದಕ್ಕೇ ಗದರುತ್ತೇನೆ) ಹೊಸ ಕುಲಕ್ಕೆ ಹೆಸರನ್ನೂ ಆರಿಸಿಕೊಂಡೇ ಬಂದಿದ್ದರು. ಅವರ ವೃಕ್ಷದಲ್ಲಿ ಹಳೆಯ ಕುಲದ ಮಾದರಿ ಪ್ರಭೇದವೇ, ಅಂದರೆ ಆ ಕುಲದ ಹೆಸರಿಗೆ ಆಧಾರವಾದ ಪ್ರಭೇದವೇ, ಇರಲಿಲ್ಲ. ಕುಲವನ್ನು ಎಲ್ಲಿ ಒಡೆದರೂ ಹಳೆಯ ಹೆಸರು ಮಾದರಿ ಪ್ರಭೇದವಿರುವ ಪಾಲಿಗೇ ಹೋಗುತ್ತದೆ. ಆ ಪ್ರಭೇದ ಎಲ್ಲಿದೆಯೆಂದು ತಿಳಿಯದೆ ಯಾವ ಪಾಲಿಗೂ ಹೆಸರಿಡಲಾಗದು. ಸಂಗ್ರಹದಲ್ಲಿದ್ದ ಹಳೆಯ ಚಿಟ್ಟೆಯೊಂದರ ಕಾಲಿನಿಂದ ಡಿಎನ್‌ಎ ತೆಗೆದು ಸೇರಿಸಿದಾಗ, ಮಾದರಿ ಪ್ರಭೇದ ಅವರ ‘ಹೊಸ’ ಕವಲಿನಲ್ಲೇ ಕಾಣಿಸಿಕೊಂಡಿತು. ಹೀಗಾಗಿ ಹಳೆಯ ಹೆಸರು ಅವರ ಚಿಟ್ಟೆಗಳಲ್ಲೇ ಉಳಿಯಿತು. ಬೇರೆ ಹೆಸರು ಬೇಕಾದದ್ದು ಮಿಕ್ಕವಕ್ಕೆ, ಮತ್ತು ಅವಕ್ಕೂ ಹಿಂದೆ ಯಾರೋ ಕೊಟ್ಟು ಆಮೇಲೆ ಬದಿಗೆ ಸರಿಸಿದ್ದ ಹೆಸರೊಂದು ಸಿದ್ಧವಾಗಿಯೇ ಇತ್ತು.